ಹಲಸಿಯ ಖೇಟಗ್ರಾಮದತ್ತಿಯೂ ಮೃತರ ಕುಟುಂಬಕ್ಕೆ ಸಲ್ಲುವ ಪರಿಹಾರವೂ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಸಹ್ಯಾದ್ರಿಯ ಸೆರಗಿನಲ್ಲಿರುವ ಹಲಸಿಯು ಈಗ ಒಂದು ಗ್ರಾಮಮಾತ್ರ. ಪೂರ್ವದಲ್ಲಿ ಇದು ಪಲಾಶಿಕೆಯೆಂಬ ಹೆಸರಿನಿಂದ ವೈಜಯಂತಿಯ ಕದಂಬರ ಎರಡನೆಯ ರಾಜಧಾನಿಯಂತಿದ್ದಿತು. ಅನಂತರ ಪಲಸಿಗೆ ಹನ್ನಿರ್ಚ್ಛಾಸಿರವೆಂಬ ನಾಡಿಗೆ ಮುಖ್ಯಸ್ಥಾನವಾಗಿ ಗೋವೆಯ ಕದಂಬರ ಆಳಿಕೆಗೆ ಸೇರಿದ್ದಿತು. ಹನ್ನೆರಡನೆಯ ಶತಮಾನದ ಆ ಅರಸರ ಶಾಸನಗಳುಳ್ಳ ಭೂವರಾಹ ನರಸಿಂಹ ದೇವಾಲಯವು ಇಂದಿಗೂ ಆ ಊರಿನ ಹಿಂದಿನ ವೈಭವಕ್ಕೆ ಸಾಕ್ಷಿಯಾಗಿ ನಿಂತಿದೆ. ಆದರೆ ಚರಿತ್ರಕಾರರಲ್ಲಿ ಹಲಸಿಗೆ ಪ್ರಸಿದ್ಧಿಯುಂಟಾದುದು ದೇವಾಲಯದಿಂದಲ್ಲ. ಊರ ಹೊರಗೆ ಚಕ್ರತೀರ್ಥವೆಂಬ ಬಾವಿಯ ಬಳಿಯ ಮಣ್ಣುದಿಬ್ಬದಲ್ಲಿ ದೊರೆತ ಕದಂಬರ ತಾಮ್ರಪಟಗಳಿಂದ. ಇವುಗಳನ್ನು ಜೆ. ಎಫ್. ಫ್ಲೀಟರು ೧೮೭೭ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯ ಆರನೆಯ ಸಂಪುಟದಲ್ಲಿ ಪಾಠಾನುವಾದಗಳೊಡನೆ ಪ್ರಕಟಿಸಿದರು.

ಈ ಪಟಗಳಿಂದ ಕದಂಬರ ವಂಶಾವಳಿಯನ್ನೂ ಕಾಲಾನುಕ್ರಮವನ್ನೂ ನಿರ್ಣಯಿಸುವ ಕಾರ್ಯ ಬಹುಮಟ್ಟಿಗೆ ನಡೆದಿದೆ. ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಜೈನಸಂಘಗಳ ವಿಚಾರವೂ ಅವುಗಳಿಂದ ಬೆಳಕಿಗೆ ಬಂದಿದೆ. ಅವುಗಳಲ್ಲಿ ಅಡಗಿರುವ ಮತ್ತೊಂದು ವಿಷಯದ ಕಡೆಗೆ ದೃಷ್ಟಿ ಹರಿದುದು ಕಡಮೆ. ಒಬ್ಬನು ಒಡೆಯನ ಕಾರ್ಯದಲ್ಲಿ ಪ್ರಾಣವನ್ನು ಪಣವಾಗಿಟ್ಟರೆ ಅವನಿಗೆ ಸಲ್ಲತಕ್ಕುದೇನು? ಅವನು ಕಾಲವಾದ ಮೇಲೆ ಅವನ ಮನೆಯವರಿಗೆ ಸಲ್ಲತಕ್ಕುದೇನು? ಹಾಗೆ ಸಲ್ಲುವುದು ಅರಸನ ಅನುಗ್ರಹವೋ, ಅವನು ತೀರಿಸಬೇಕಾದ ಋಣವೋ? ಅಪಘಾತದಲ್ಲಿ ಮಡಿದವರ ಕುಟುಂಬಗಳು ನ್ಯಾಯಸ್ಥಾನಗಳಲ್ಲಿ ಪರಿಹಾರವನ್ನು ಬೇಡುವ ಈ ಕಾಲದಲ್ಲಿ ಈ ಪ್ರಶ್ನೆಯ ಪ್ರಾಚೀನರೂಪವನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

೧. ಖೇಟಗ್ರಾಮದ ದತ್ತಿ

ಹಲಸಿಯ ಪಟಗಳಲ್ಲಿ ಅತ್ಯಂತ ಪ್ರಾಚೀನವಾದುದು ಕಾಕುಸ್ಥವರ್ಮನದು. ಅದರಲ್ಲಿ ಅವನು ತನ್ನನ್ನು ಕದಂಬರ ಯುವರಾಜನೆಂದು ಹೇಳಿಕೊಂಡಿದ್ದಾನೆ. ಎಂಬತ್ತನೆಯ ಸಂವತ್ಸರವೆಂಬ ಕಾಲನಿರ್ದೇಶವೂ ಅದರಲ್ಲಿದೆ. ಖೇಟಗ್ರಾಮದಲ್ಲಿರುವ ಬದೋವರಕ್ಷೇತ್ರವೆಂಬ ಭೂಮಿಯನ್ನು ಶ್ರುತಕೀರ್ತಿಯೆಂಬ ಸೇನಾಪತಿಗೆ ಕೊಟ್ಟುದೇ ಶಾಸನದ ವಿಷಯ. ಗ್ರಾಮವು ಅರ್ಹಂತರಿಗೆ ಸೇರಿದುದೆಂದೂ ಹೇಳಿದೆ. ದಾನದ ಕಾರಣವನ್ನು ಶಾಸನಕಾರನು ಒಂದೇ ಸಮಾಸದಲ್ಲಿ ಅಡಗಿಸಿದ್ದಾನೆ. ಅದು ತನ್ನ 'ತಾರಣ'ಕ್ಕಾಗಿ ಕೊಟ್ಟುದು.

ಈ ತಾರಣಶಬ್ದಕ್ಕೆ ಎರಡು ಅರ್ಥಗಳು ಕೂಡುತ್ತವೆ. ದಾನದಿಂದ ಪುಣ್ಯವನ್ನು ಸಂಪಾದಿಸಿ ತನ್ನ ಆತ್ಮವನ್ನು ಸಂಸಾರದಿಂದ ದಾಟಿಸಿಕೊಳ್ಳುವುದೆಂಬುದು ಒಂದು. ಸೇನಾಪತಿಯು ತನ್ನನ್ನು ಆಪತ್ತಿನಿಂದ ಪಾರುಮಾಡಿದುದಕ್ಕೆ ಪ್ರತಿಫಲವೆಂಬುದು ಇನ್ನೊಂದು. ಫ್ಲೀಟರು ಎರಡನೆಯ ಅರ್ಥವನ್ನೇ ಹಿಡಿದರು. ಅರ್ಹಂತರ ಸ್ತುತಿಯಿಂದ ಆರಂಭವಾಗುವ ಶಾಸನದಲ್ಲಿ ಮೊದಲನೆಯ ಅರ್ಥವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೂ ದಾನವನ್ನು ಪಡೆದವನು ಯತಿಯಲ್ಲ, ಆಚಾರ್ಯನಲ್ಲ, ಬಸದಿಯ ಪೂಜಾರಿಯಲ್ಲ, ದಂಡಿನ ಒಡೆಯನು. ಆತ್ಮೋದ್ಧಾರವೊಂದೇ ಉದ್ದೇಶವಾಗಿದ್ದರೆ ಪಾತ್ರನಾಗಿ ಸೇನಾಪತಿಯನ್ನೇ ಆರಿಸಿಕೊಂಡುದಕ್ಕೆ ಕಾರಣವು ಕಾಣದು. ಆದುದರಿಂದ ಫ್ಲೀಟರ ಅರ್ಥವೇ ಬಲವುಳ್ಳುದೆಂದು ತೋರುತ್ತದೆ. ಎರಡರ್ಥಗಳೂ ಒಂದೇ ಪದದಲ್ಲಿ ನೆಲೆಸಿರುವುದು ಕೂಡ ಆ ಕಾಲದ ಮನೋಧರ್ಮವನ್ನೇ ಸೂಚಿಸುತ್ತದೆ. ಪ್ರಾಣ ಉಳಿಸಿದವನಿಗೆ ಕೊಡುವುದು ಋಣಪರಿಹಾರವೂ ಹೌದು, ಪುಣ್ಯವೂ ಹೌದು. ಇವೆರಡನ್ನೂ ಬಿಡಿಸಿ ನೋಡುವ ಆವಶ್ಯಕತೆ ಅಂದಿನ ದಾನಿಗೆ ತೋರಲಿಲ್ಲ.

ಈ ದತ್ತಿಯ ಮುಂದಿನ ಕಥೆಯನ್ನು ಹೇಳುವುದು ಕಾಕುಸ್ಥನ ಮರಿಮಗನಾದ ರವಿವರ್ಮನ ಕಾಲದ ಪಟ. ಕಾಕುಸ್ಥನ ಅನುಗ್ರಹದಿಂದ ಶ್ರುತಕೀರ್ತಿಯು ಖೇಟವನ್ನು ಅನುಭವಿಸಿದನು. ಅವನ ಕಾಲಾನಂತರದಲ್ಲಿ, ಶಾಂತಿವರ್ಮನ ಮಗನಾದ ಮೃಗೇಶವರ್ಮನು ಅದನ್ನು ಧರ್ಮಾರ್ಥವಾಗಿ ದಾಮಕೀರ್ತಿಯ ತಾಯಿಗೆ ಕೊಟ್ಟನು. ದಾಮಕೀರ್ತಿಯ ಹಿರಿಯ ಮಗನಾದ ಜಯಕೀರ್ತಿಯು ಪ್ರತೀಹಾರಪದವಿಯಲ್ಲಿದ್ದನು. ಪುರುಖೇಟಕವೆಂಬ ಗ್ರಾಮದ ದತ್ತಿಯಲ್ಲಿ ಅವನ ಹೆಸರು ಬರುತ್ತದೆ. ಕಾರ್ತಿಕದಲ್ಲಿ ಎಂಟು ದಿನ ಜಿನೇಂದ್ರನ ಉತ್ಸವವೂ ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರವೂ ನಡೆಯಬೇಕೆಂದು ಅಲ್ಲಿ ವಿಧಿಸಿದೆ. ಶ್ರುತಕೀರ್ತಿ, ದಾಮಕೀರ್ತಿ, ಜಯಕೀರ್ತಿ ಇವರೆಲ್ಲ ಒಂದೇ ಮನೆತನದವರೆಂದು ವಿದ್ವಾಂಸರು ಎಣಿಸಿದ್ದಾರೆ. ಹೆಸರುಗಳ ಕೀರ್ತ್ಯಂತವೂ ಭೂಮಿಯ ಅನುಸರಣೆಯೂ ಅದಕ್ಕೆ ಪೋಷಕವಾಗಿವೆ.

ಇಲ್ಲಿ ಮೂರು ಅಂಶಗಳು ಗಮನಾರ್ಹವಾದುವು. ಮೊದಲನೆಯದು, ಶ್ರುತಕೀರ್ತಿಯ ಮರಣದೊಡನೆ ಭೂಮಿಯು ತಾನಾಗಿಯೇ ಮನೆಯವರಿಗೆ ಇಳಿಯಲಿಲ್ಲ; ಅರಸನು ಮತ್ತೊಮ್ಮೆ ಕೊಡಬೇಕಾಯಿತು. ಎರಡನೆಯದು, ಹಾಗೆ ಮತ್ತೆ ಕೊಟ್ಟಾಗ ಅದು ಸಂದುದು ಗಂಡುಮಕ್ಕಳಿಗಲ್ಲ, ಒಬ್ಬ ತಾಯಿಗೆ. ಮೃಗೇಶವರ್ಮನ ಪಲಾಶಿಕೆಯ ಪಟದಲ್ಲಿಯೇ ಭೋಜಕ ದಾಮಕೀರ್ತಿಯ ಹೆಸರಿರುವುದರಿಂದ ಮಗನು ಆಗ ರಾಜಕಾರ್ಯಕ್ಕೆ ಒದಗುವಷ್ಟು ಪ್ರಾಪ್ತನಾಗಿದ್ದನೆಂಬುದು ಸ್ಪಷ್ಟ. ಮಗನಿದ್ದರೂ ತಾಯಿಯ ಹೆಸರಿಗೆ ದತ್ತಿ ಬಂದುದು ಆಕಸ್ಮಿಕವೆನ್ನಲಾಗದು. ಮೂರನೆಯದು, ಕಾಕುಸ್ಥನ ಪಟದ ಶಾಪವಾಕ್ಯ. ಈ ದತ್ತಿಯನ್ನು ಕೆಡಿಸುವವನು ಸ್ವವಂಶದವನಾಗಲಿ ಪರವಂಶದವನಾಗಲಿ ಪಂಚಮಹಾಪಾತಕಗಳಿಗೆ ಗುರಿಯಾಗುವನೆಂದು ಅಲ್ಲಿ ಹೇಳಿದೆ. ಕೊಟ್ಟವನ ಮಕ್ಕಳೇ ಕಿತ್ತುಕೊಳ್ಳಬಹುದೆಂಬ ಭಯವು ಕೊಡುವಾಗಲೇ ಇದ್ದಿತು. ನ್ಯಾಯಸ್ಥಾನದ ತೀರ್ಪು ರಕ್ಷಿಸದ ಹಕ್ಕನ್ನು ಶಾಪವು ರಕ್ಷಿಸಬೇಕಾಗಿದ್ದಿತು.

೨. ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ

ಸಂಸ್ಕೃತಪಟಗಳಲ್ಲಿ ಕಾಣುವ ಈ ಪದ್ಧತಿಗೆ ಕನ್ನಡದ ಸ್ವಂತ ಹೆಸರುಗಳುಂಟು. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು ಡಾ. ಎಂ. ಎಚ್. ಕೃಷ್ಣರು ೧೯೩೬ರಲ್ಲಿ ಬೆಳಕಿಗೆ ತಂದರು. ಕ್ರಿ. ಶ. ಸುಮಾರು ೪೫೦ರದೆಂದು ಎಣಿಸಲಾಗಿರುವ ಈ ಕಲ್ಲಿನಲ್ಲಿಯೂ ಕಾಕುಸ್ಥನ ಹೆಸರಿದೆ. ಕೇಕಯಪಲ್ಲವರೊಡನೆ ಕಾದಿ ಜಯವನ್ನು ಪಡೆದ ವಿಜಾರಸನಿಗೆ ಪಲ್ಮಿಡಿ, ಮೂಳಿವಳ್ಳಿಗಳನ್ನು 'ಬಾಳ್ಗಳ್ಚು' ಎಂದು ಕೊಟ್ಟ ವಿಷಯವನ್ನು ಅದು ತಿಳಿಸುತ್ತದೆ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಯುದ್ಧದಲ್ಲಿ ನೆತ್ತರಾದ ಕತ್ತಿಯನ್ನು ತೊಳೆಯುವಾಗ ಕೊಡುವ ಮನ್ನಣೆಯೇ ಬಾಳ್ಗಳ್ಚು. ಕನ್ನಡದ ಅತ್ಯಂತ ಪ್ರಾಚೀನ ಶಾಸನಗಳಲ್ಲಿ ಅಗ್ರಗಣ್ಯವಾದುದೊಂದು ಇಂಥ ದತ್ತಿಯ ಲೆಕ್ಕವಾಗಿರುವುದು ಕೇವಲ ಕಾಕತಾಳೀಯವೆಂದು ಬಿಡುವಂಥದಲ್ಲ.

ಆದರೆ ಬಾಳ್ಗಳ್ಚು ಬದುಕಿ ಬಂದವನಿಗೆ ಸಲ್ಲುವುದು. ಶ್ರುತಕೀರ್ತಿಗೆ ಮೊದಲು ದೊರೆತುದೂ ಇದೇ ವರ್ಗದ್ದು. ಬದುಕಿ ಬಾರದವನ ವಿಷಯದಲ್ಲಿ ಬೇರೊಂದು ವ್ಯವಸ್ಥೆಯಿದ್ದಿತು. ಬೆಂಗಳೂರಿನ ಸಮೀಪದ ಬೇಗೂರಿನ ವೀರಗಲ್ಲು ಇದಕ್ಕೆ ಉತ್ತಮವಾದ ನಿದರ್ಶನ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಗಂಗ ಎರೆಯಪ್ಪನು ಅಯ್ಯಪದೇವನ ನೆರವಿಗಾಗಿ ನಾಗತ್ತರನನ್ನು ದಂಡಿನೊಡನೆ ಕಳುಹಿಸಿದನು. ತುಂಬೆಪಾಡಿಯಲ್ಲಿ ವೀರಮಹೇಂದ್ರನೊಡನೆ ಕಾಳಗವಾಗಿ ನಾಗತ್ತರನು ಆನೆಗಳಿಗೆ ಎದುರುನಿಂತು ಮಡಿದನು. ಅದನ್ನು ಕೇಳಿದ ಎರೆಯಪ್ಪನು ಇರುಗನಿಗೆ ನಾಗತ್ತರಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು 'ಕಲ್ನಾಡು' ಆಗಿ ಕೊಟ್ಟನು. ಆ ಹಳ್ಳಿಗಳ ಹೆಸರುಗಳನ್ನು ಶಾಸನವು ಒಂದೊಂದಾಗಿ ಎಣಿಸಿದೆ. ಪಟ್ಟ ತೆರವಾಗಬಾರದು, ಅದರ ಹಿಡುವಳಿ ಕೈತಪ್ಪಬಾರದು, ಸತ್ತವನ ಹೆಸರು ಅಳಿಯಬಾರದು. ಈ ಮೂರು ಉದ್ದೇಶಗಳೂ ಒಂದೇ ಕಲ್ಲಿನಲ್ಲಿ ನೆರವೇರಿದುವು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ತಕ್ಕೋಲದ ಕಾಳಗಕ್ಕೆ ಸಂಬಂಧಿಸಿದುದು; ಕಾಲ ಕ್ರಿ. ಶ. ೯೪೯-೫೦. ಬೂತುಗನು ತನ್ನ ಭಟನಾದ ಮಣಲೆರನ ಶೌರ್ಯಕ್ಕೆ ಮೆಚ್ಚಿ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಳ್ಚಾಗಿ ಕೊಟ್ಟನು. ಅದೇ ಕಲ್ಲಿನಲ್ಲಿ ಕಾಳಿಯೆಂಬ ಬೇಟೆನಾಯಿಯ ಮರಣವೂ ಉಕ್ತವಾಗಿದೆ. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಗಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ಉಣ್ಣುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಕಟ್ಟುಮಾಡಿದರು. ದತ್ತಿಯಲ್ಲಿ ಸ್ಮಾರಕವೂ ಪೋಷಣೆಯೂ ಹೇಗೆ ಬೆಸೆದುಕೊಂಡಿದ್ದುವೆಂಬುದನ್ನು ಇದು ತೋರಿಸುತ್ತದೆ. ಕಲ್ಲು ನೆನಪಿಗೆ, ಭೂಮಿ ಹೊಟ್ಟೆಗೆ. ಒಂದಿಲ್ಲದೆ ಇನ್ನೊಂದು ನಿಲ್ಲದು. ಬೇಗೂರು, ಆತಕೂರುಗಳ ಈ ಎರಡು ಕಲ್ಲುಗಳೂ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿವೆ.

ಮುಂದಿನ ಶತಮಾನಗಳಲ್ಲಿ ಇಂಥ ದತ್ತಿಗೆ 'ನೆತ್ತರುಗೊಡಗೆ', 'ರಕ್ತಗೊಡಗೆ' ಎಂಬ ಹೆಸರುಗಳು ರೂಢವಾದುವು. ಊರಿಗಾಗಿ, ತುರುಗಳಿಗಾಗಿ, ಗಡಿಗಾಗಿ ಕಾದಿ ಮಡಿದ ಸಾಮಾನ್ಯರ ಮನೆಯವರಿಗೂ ಅದು ಸಲ್ಲುತ್ತಿದ್ದಿತು. ಕೊಡುವವರು ಅರಸರೇ ಆಗಬೇಕೆಂಬ ನಿಯಮವಿರಲಿಲ್ಲ. ಗೌಡಪ್ರಜೆಗಳು ಕೂಡಿ ಗದ್ದೆ ಬೆದ್ದಲುಗಳನ್ನು ಬಿಟ್ಟ ಶಾಸನಗಳು 'ಎಪಿಗ್ರಾಫಿಯ ಕರ್ಣಾಟಿಕ'ದ ಸಂಪುಟಗಳಲ್ಲಿ ದೊರೆಯುತ್ತವೆ. ಹೆಸರೇ ಪದ್ಧತಿಯ ತತ್ತ್ವವನ್ನು ಹೇಳುತ್ತದೆ. ಕತ್ತಿ ತೊಳೆದುದಕ್ಕೆ ಕೊಟ್ಟುದು ಮನ್ನಣೆ. ನೆತ್ತರಿಗೆ ಕೊಟ್ಟುದು ಬದಲು. ಮೊದಲನೆಯದು ಗೆಲವನ್ನು ಎಣಿಸುತ್ತದೆ, ಎರಡನೆಯದು ನಷ್ಟವನ್ನು ಎಣಿಸುತ್ತದೆ. ನಷ್ಟವನ್ನು ಎಣಿಸುವ ಈ ಬಗೆಯೇ ಇಂದಿನ ಪರಿಹಾರವೆಂಬ ಭಾವನೆಗೆ ಹತ್ತಿರವಾದುದು.

೩. ಅರ್ಥಶಾಸ್ತ್ರದ ವಿಧಿ

ಈ ರೂಢಿಗೆ ಶಾಸ್ತ್ರದ ಆಧಾರವುಂಟೆ ಎಂಬುದು ಮುಂದಿನ ಪ್ರಶ್ನೆ. ಮಹಾಭಾರತದ ಸಭಾಪರ್ವದಲ್ಲಿ ನಾರದನು ಯುಧಿಷ್ಠಿರನಿಗೆ ರಾಜಧರ್ಮವನ್ನು ಕುರಿತು ಸಾಲಾಗಿ ಪ್ರಶ್ನೆಗಳನ್ನು ಕೇಳುತ್ತಾನಷ್ಟೆ. ನಿನಗಾಗಿ ಸತ್ತವರ, ನಿನಗಾಗಿ ಕಷ್ಟಕ್ಕೆ ಸಿಕ್ಕಿದವರ ಹೆಂಡಿರನ್ನು ಪೋಷಿಸುತ್ತಿರುವೆಯಾ ಎಂಬುದು ಅವುಗಳಲ್ಲಿ ಒಂದು. ಇದು ಪ್ರಶ್ನೆಯ ರೂಪದಲ್ಲಿರುವ ವಿಧಿಯೇ ಸರಿ. ಆದರೆ ಪೋಷಣೆಯ ಪ್ರಮಾಣವನ್ನು ಅದು ಹೇಳುವುದಿಲ್ಲ.

ಪ್ರಮಾಣವನ್ನು ಹೇಳುವುದು ಕೌಟಿಲ್ಯನ ಅರ್ಥಶಾಸ್ತ್ರ. ಬಹುಕಾಲ ಕಾಣೆಯಾಗಿದ್ದ ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟರೆಂಬುದು ಕನ್ನಡನಾಡಿನ ಹೆಮ್ಮೆಯ ಮಾತು. ಅದರ ಐದನೆಯ ಅಧಿಕರಣದಲ್ಲಿ ರಾಜಸೇವಕರ ವೇತನವನ್ನು ನಿರೂಪಿಸಿದ ತರುವಾಯ, ಕೆಲಸದಲ್ಲಿ ಸತ್ತವರ ಮಕ್ಕಳೂ ಹೆಂಡಿರೂ ಅವರ ಭಕ್ತವೇತನವನ್ನು ಪಡೆಯಬೇಕೆಂದು ವಿಧಿಸಿದೆ. ಭಕ್ತವೆಂದರೆ ಅನ್ನ, ವೇತನವೆಂದರೆ ಸಂಬಳ. ಇದರ ಮುಂದಿನ ಸೂತ್ರದಲ್ಲಿಯೇ, ಸತ್ತವರ ಕುಟುಂಬದ ಬಾಲರೂ ವೃದ್ಧರೂ ರೋಗಿಗಳೂ ಅನುಗ್ರಹಕ್ಕೆ ಪಾತ್ರರೆಂದು ಹೇಳಿದೆ.

ಈ ಎರಡು ಸೂತ್ರಗಳ ಕ್ರಿಯಾಪದಗಳಲ್ಲಿರುವ ಭೇದವನ್ನು ಮರೆಯಬಾರದು. ಮಕ್ಕಳು ಹೆಂಡಿರ ವಿಷಯದಲ್ಲಿ 'ಪಡೆಯಬೇಕು' ಎಂದಿದೆ; ಕರ್ತೃಗಳು ಅವರೇ. ಉಳಿದವರ ವಿಷಯದಲ್ಲಿ 'ಅನುಗ್ರಹಿಸಲ್ಪಡಬೇಕಾದವರು' ಎಂದಿದೆ. ಅಲ್ಲಿ ಕರ್ತೃ ಅರಸನು. ಹಕ್ಕು ಎಲ್ಲಿ ಮುಗಿದು ಕರುಣೆ ಎಲ್ಲಿ ಮೊದಲಾಗುವುದೆಂಬ ಗಡಿಯನ್ನು ಕೌಟಿಲ್ಯನು ಈ ಎರಡು ಸಣ್ಣ ವಾಕ್ಯಗಳ ನಡುವೆ ಎಳೆದಿದ್ದಾನೆ. ಮಡಿದವನ ವೃದ್ಧೆಯಾದ ತಾಯಿ ಆ ಗಡಿಯ ಆಚೆಗೆ ಬೀಳುತ್ತಾಳೆ. ಪಲಾಶಿಕೆಯಲ್ಲಿ ದಾಮಕೀರ್ತಿಯ ತಾಯಿಗೆ ದತ್ತಿಯು ಹಕ್ಕೆಂದಲ್ಲದೆ 'ಧರ್ಮಾರ್ಥ'ವೆಂದು ಸಂದುದು ಈ ದೃಷ್ಟಿಗೆ ಅನುಗುಣವಾಗಿಯೇ ಇದೆ.

೪. ಬಂಡಿಯ ಅಪಘಾತ: ಸ್ಮೃತಿಕಾರರ ನ್ಯಾಯ

ಇದುವರೆಗೆ ಹೇಳಿದುದು ಒಡೆಯನ ಕಾರ್ಯದಲ್ಲಿ ಸತ್ತವರ ವಿಷಯ. ದಾರಿಯಲ್ಲಿ ನಡೆಯುತ್ತಿದ್ದವನ ಮೇಲೆ ಯಾರದೋ ಬಂಡಿ ಹರಿದು ಅವನು ಸತ್ತರೆ ಗತಿಯೇನು? ಸ್ಮೃತಿಕಾರರು ಇದನ್ನು ಮರೆತಿರಲಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಾಹನದ ಅಪಘಾತವನ್ನು ಕುರಿತ ಶ್ಲೋಕಗಳೇ ಇವೆ. ಮೂಗುದಾರ ಹರಿದುದು, ನೊಗ ಮುರಿದುದು, ಅಚ್ಚು ಮುರಿದುದು, ಚಕ್ರ ಮುರಿದುದು, ಹಗ್ಗ ಕಿತ್ತುದು, ದಾರಿ ಬಿಡಿರೆಂದು ಕೂಗಿದ್ದುದು ಮೊದಲಾದ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಸಾರಥಿಯ ಅಕುಶಲತೆಯಿಂದ ಬಂಡಿ ದಾರಿ ತಪ್ಪಿ ಹಿಂಸೆಯಾದರೆ ಒಡೆಯನಿಗೆ ಇನ್ನೂರು ಪಣ ದಂಡ. ಸಾರಥಿಯು ಕುಶಲನಾಗಿದ್ದರೆ ದಂಡ ಅವನಿಗೆ. ಅಕುಶಲನಾಗಿದ್ದರೆ ಬಂಡಿಯಲ್ಲಿ ಕುಳಿತವರಿಗೂ ತಲೆಗೆ ನೂರು ಪಣ. ಮನುಷ್ಯನು ಸತ್ತರೆ ಅಪರಾಧವು ಕಳ್ಳತನಕ್ಕೆ ಸಮಾನ. ಅಯೋಗ್ಯನನ್ನು ಸಾರಥಿಯನ್ನಾಗಿ ನೇಮಿಸಿದ ಒಡೆಯನೇ ಹೊಣೆಗಾರನೆಂಬ ಈ ನ್ಯಾಯವು ಇಂದಿನ ಮೋಟಾರು ವ್ಯಾಜ್ಯಗಳಲ್ಲಿಯೂ ಬೇರೊಂದು ರೂಪದಲ್ಲಿ ಕೇಳಿಬರುತ್ತದೆ.

ಯಾಜ್ಞವಲ್ಕ್ಯನೂ ಇದೇ ಮಾರ್ಗವನ್ನು ಹಿಡಿದಿದ್ದಾನೆ. ಕೊಂಬು ಕೋರೆಗಳುಳ್ಳ ಪ್ರಾಣಿಯ ಒಡೆಯನು ಶಕ್ತನಾಗಿದ್ದೂ ಬಿಡಿಸದೆ ಹೋದರೆ ದಂಡ, ಪೀಡಿತನು ಕೂಗಿಕೊಂಡರೂ ಬಿಡಿಸದಿದ್ದರೆ ಇಮ್ಮಡಿ ದಂಡ ಎಂದು ಅವನ ಮತ. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾವ್ಯಾಖ್ಯಾನವನ್ನು ರಚಿಸಿದುದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬-೧೧೨೬). ಪಲಸಿಗೆಯನ್ನು ಆಳುತ್ತಿದ್ದ ಗೋವೆಯ ಕದಂಬ ಇಮ್ಮಡಿ ಜಯಕೇಶಿಯು ಆ ಚಕ್ರವರ್ತಿಯ ಮಗಳಾದ ಮೈಲಲದೇವಿಯನ್ನು ಮದುವೆಯಾಗಿದ್ದನು. ಆದುದರಿಂದ ಮಿತಾಕ್ಷರೆಯ ನ್ಯಾಯವು ಹಲಸಿಯ ಪ್ರಾಂತಕ್ಕೆ ದೂರದ ಮಾತಾಗಿರಲಿಲ್ಲ.

ಆದರೆ ಈ ಎಲ್ಲ ವಿಧಿಗಳಲ್ಲಿಯೂ ಒಂದು ದೊಡ್ಡ ಕೊರತೆಯುಂಟು. ದಂಡವು ಹೋಗುವುದು ಅರಸನ ಬೊಕ್ಕಸಕ್ಕೆ. ಗಾಯಗೊಂಡವನಿಗೆ ಮಾತ್ರ ಅವನು ಮೊದಲಿನಂತೆ ಆಗುವವರೆಗಿನ ವೆಚ್ಚವನ್ನು, ಎಂದರೆ 'ಸಮುತ್ಥಾನವ್ಯಯ'ವನ್ನು, ಅಪರಾಧಿಯಿಂದ ಕೊಡಿಸಬೇಕೆಂದು ಮನುವೂ ಯಾಜ್ಞವಲ್ಕ್ಯನೂ ಹೇಳಿದ್ದಾರೆ. ಒಬ್ಬನ ವಸ್ತುವನ್ನು ಇನ್ನೊಬ್ಬನು ಕೆಡಿಸಿದರೆ ವಸ್ತುವಿನ ಒಡೆಯನನ್ನು ತೃಪ್ತಿಪಡಿಸಿ ಅಷ್ಟನ್ನೇ ಅರಸನಿಗೂ ಕೊಡಬೇಕೆಂದು ಮನುವಿನ ಕಟ್ಟಳೆ. ಮುರಿದ ಕೈಗೆ ವೈದ್ಯದ ವೆಚ್ಚವುಂಟು, ಒಡೆದ ಗಡಿಗೆಗೆ ಬೆಲೆಯುಂಟು. ಸತ್ತವನ ಹೆಂಡತಿಗೆ ಆ ದಂಡದಲ್ಲಿ ಪಾಲಿಲ್ಲ. ನಷ್ಟವು ಪೂರ್ಣವಾದಲ್ಲಿಯೇ ಪರಿಹಾರವು ಶೂನ್ಯವಾಗುತ್ತದೆ.

ಇದು ಮೊದಲಿನಿಂದಲೂ ಹೀಗೆಯೇ ಇದ್ದಿತೆಂದು ತೋರುವುದಿಲ್ಲ. ಋಗ್ವೇದದಲ್ಲಿ 'ಶತದಾಯ', 'ವೈರದೇಯ' ಎಂಬ ಶಬ್ದಗಳುಂಟು. ಮನುಷ್ಯನ ಪ್ರಾಣಕ್ಕೆ ಬದಲಾಗಿ ಕೊಡುವ ದ್ರವ್ಯವೆಂದು ಅನೇಕ ವಿದ್ವಾಂಸರು ಅವುಗಳನ್ನು ಅರ್ಥೈಸಿದ್ದಾರೆ. ಆಪಸ್ತಂಬ ಧರ್ಮಸೂತ್ರವು ಕ್ಷತ್ರಿಯನನ್ನು ಕೊಂದವನು ಸಾವಿರ ಹಸುಗಳನ್ನೂ, ವೈಶ್ಯನನ್ನು ಕೊಂದವನು ನೂರನ್ನೂ, ಶೂದ್ರನನ್ನು ಕೊಂದವನು ಹತ್ತನ್ನೂ, ಒಂದೊಂದು ಹೋರಿಯೊಡನೆ ವೈರನಿವಾರಣೆಗಾಗಿ ಕೊಡಬೇಕೆನ್ನುತ್ತದೆ. ವೈರವನ್ನು ಕಳೆಯಬೇಕಾದುದು ಸತ್ತವನ ಬಂಧುಗಳೊಡನೆ. ಆದುದರಿಂದ ಮೂಲತಃ ಈ ಹಸುಗಳು ಅವರಿಗೇ ಸಲ್ಲುತ್ತಿದ್ದುವೆಂದು ಊಹಿಸುವುದು ಯುಕ್ತ. ಬೌಧಾಯನನಲ್ಲಿ ಅದೇ ಹಸುಗಳು ಅರಸನಿಗೆ ಹೋಗುತ್ತವೆ. ಕೊಲೆಯು ಕುಲಗಳ ನಡುವಣ ವೈರವಾಗಿದ್ದುದು ರಾಜ್ಯದ ವಿರುದ್ಧವಾದ ಅಪರಾಧವಾದಂತೆಲ್ಲ ಹಸುಗಳ ಹಿಂಡು ಮನೆಯ ಹಟ್ಟಿಯಿಂದ ಅರಮನೆಯ ಹಟ್ಟಿಗೆ ತಿರುಗಿತು. ಜಾತಿಗೊಂದು ಬೆಲೆಯನ್ನು ಕಟ್ಟಿದ ಅನ್ಯಾಯವು ಆ ಹಳೆಯ ಕ್ರಮದಲ್ಲಿ ಇದ್ದೇ ಇದ್ದಿತು. ಹೊಸ ಕ್ರಮದಲ್ಲಿ ಬಡವನ ಮನೆಗೆ ಸಲ್ಲುತ್ತಿದ್ದ ಹತ್ತು ಹಸುಗಳೂ ತಪ್ಪಿಹೋದುವು.

೫. ೧೮೫೫ರಿಂದ ಈಚೆಗೆ

ಬೆಳಗಾವಿಯು ೧೮೧೮ರಲ್ಲಿ ಇಂಗ್ಲಿಷರ ಕೈಸೇರಿ ಮುಂಬಯಿ ಇಲಾಖೆಗೆ ಒಳಪಟ್ಟಿತು. ಆಗ ಬಂದ ಇಂಗ್ಲಿಷ್ ನ್ಯಾಯವೂ ಈ ವಿಷಯದಲ್ಲಿ ಮನುವಿಗಿಂತ ಮುಂದೆ ಹೋಗಿರಲಿಲ್ಲ. ೧೮೦೮ರಲ್ಲಿ ಇಂಗ್ಲೆಂಡಿನಲ್ಲಿ ಸಾರೋಟು ಮಗುಚಿ ಹೆಂಡತಿಯನ್ನು ಕಳೆದುಕೊಂಡ ಬೇಕರ್ ಎಂಬವನು ಬೋಲ್ಟನ್ ಎಂಬವನ ಮೇಲೆ ದಾವೆ ಹೂಡಿದಾಗ, ಮನುಷ್ಯನ ಮರಣವು ಸಿವಿಲ್ ನ್ಯಾಯಸ್ಥಾನದಲ್ಲಿ ನಷ್ಟವೆಂದು ದೂರತಕ್ಕ ವಿಷಯವಲ್ಲವೆಂದು ನ್ಯಾಯಾಧೀಶ ಎಲೆನ್‌ಬರೋ ತೀರ್ಮಾನಿಸಿದನು. ಗಂಗಾತೀರದ ಸ್ಮೃತಿಯೂ ಥೇಮ್ಸ್ ತೀರದ ತೀರ್ಪೂ ಬಂಡಿಯ ಅಪಘಾತವೊಂದರಲ್ಲಿ ಒಂದೇ ಗೋಡೆಗೆ ಬಂದು ನಿಂತುದು ವಿಚಿತ್ರವೇ ಸರಿ.

ಆ ಗೋಡೆಯನ್ನು ಒಡೆದುದು ರೈಲುಬಂಡಿ. ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳು ಹೆಚ್ಚಿದ ಕಾಲದಲ್ಲಿ, ೧೮೪೬ರಲ್ಲಿ, ಲಾರ್ಡ್ ಕ್ಯಾಂಬೆಲ್ಲನ ಶಾಸನವು ಹುಟ್ಟಿತು. ಹಿಂದುಸ್ಥಾನದಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲನೆಯ ರೈಲು ಓಡಿದುದು ೧೮೫೩ರಲ್ಲಿ; ಪ್ರಾಣಾಂತಿಕ ಅಪಘಾತಗಳ ಶಾಸನವು ಜಾರಿಗೆ ಬಂದುದು ೧೮೫೫ರಲ್ಲಿ. ಇನ್ನೊಬ್ಬನ ತಪ್ಪಿನಿಂದ ಸತ್ತವನ ಪರವಾಗಿ ಯಾವ ದಾವೆಯೂ ನಡೆಯುವಂತಿಲ್ಲವೆಂಬುದನ್ನು ಅದರ ಪೀಠಿಕೆಯೇ ಒಪ್ಪಿಕೊಂಡು, ಮೃತನ ಹೆಂಡತಿ ಅಥವಾ ಗಂಡ, ತಂದೆತಾಯಿ, ಮಕ್ಕಳು ಇವರ ಪ್ರಯೋಜನಕ್ಕಾಗಿ ದಾವೆಗೆ ಅವಕಾಶವನ್ನು ಕಲ್ಪಿಸಿತು. ದೊರೆತ ಹಣವನ್ನು ಅವರವರಿಗೆ ಉಂಟಾದ ನಷ್ಟಕ್ಕೆ ತಕ್ಕಂತೆ ಹಂಚಬೇಕೆಂದೂ ವಿಧಿಸಿತು. ಕೌಟಿಲ್ಯನು ಅನುಗ್ರಹದ ಪಾಲಿಗೆ ಬಿಟ್ಟಿದ್ದ ವೃದ್ಧಮಾತೆಯು ಇಲ್ಲಿ ಮೊದಲ ಸಲ ಹಕ್ಕಿನ ಪಟ್ಟಿಗೆ ಸೇರಿದಳು. ಬೆಳಗಾವಿ, ಖಾನಾಪುರಗಳ ಮೂಲಕ ರೈಲು ಹಾಯ್ದುದು ೧೮೮೦ರ ದಶಕದಲ್ಲಿ. ಅಷ್ಟು ಹೊತ್ತಿಗೆ ಶಾಸನವು ಹಳೆಯದಾಗಿದ್ದಿತು.

ಆದರೂ ತಪ್ಪನ್ನು ಸಾಧಿಸಿ ತೋರಿಸುವ ಹೊರೆಯು ಸತ್ತವನ ಮನೆಯವರ ಮೇಲೆಯೇ ಇದ್ದಿತು. ಕೆಲಸದಲ್ಲಿ ಸತ್ತವರ ವಿಷಯದಲ್ಲಿ ಈ ಹೊರೆಯನ್ನು ಇಳಿಸಿದುದು ೧೯೨೩ರ ಕೆಲಸಗಾರರ ಪರಿಹಾರ ಶಾಸನ. ಇದು ೧೯೨೪ರ ಜುಲೈ ೧ರಿಂದ ಜಾರಿಗೆ ಬಂದಿತು. ಕೆಲಸದ ಸಂಬಂಧವಾದ ಅಪಘಾತದಲ್ಲಿ ಮರಣವಾದರೆ ಮಾಲಿಕನ ತಪ್ಪಿರಲಿ ಇಲ್ಲದಿರಲಿ ಅವನು ಪರಿಹಾರವನ್ನು ಕೊಡಬೇಕು. ಪ್ರಾಪ್ತ ವಯಸ್ಕನು ಸತ್ತರೆ ಮೂವತ್ತು ತಿಂಗಳ ಸಂಬಳ ಅಥವಾ ೨,೫೦೦ ರೂಪಾಯಿ, ಇವುಗಳಲ್ಲಿ ಕಡಮೆಯಾದುದು. ಅಪ್ರಾಪ್ತನು ಸತ್ತರೆ ೨೦೦ ರೂಪಾಯಿ ಮಾತ್ರ ಎಂದು ಮೊದಲಲ್ಲಿ ಗೊತ್ತುಮಾಡಿದ್ದರು. ಕೌಟಿಲ್ಯನ ಭಕ್ತವೇತನವು ಎರಡು ಸಾವಿರ ವರ್ಷಗಳ ಮೇಲೆ ಸಂಬಳದ ಲೆಕ್ಕದಲ್ಲಿಯೇ ತಿರುಗಿಬಂದಂತಾಯಿತು. ಭೇದವೇನೆಂದರೆ, ಅರಸನ ಸೇವಕರಿಗೆ ಮಾತ್ರವಿದ್ದುದು ಗಣಿ ಗಿರಣಿಗಳ ಕೂಲಿಗಾರರಿಗೂ ಬಂದಿತು. ಈ ಶಾಸನದ ವ್ಯವಸ್ಥೆಯನ್ನು ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕಗೊಳಿಸಲಾಯಿತು.

೧೯೨೩ರ ಶಾಸನದ ಇನ್ನೆರಡು ವಿಧಿಗಳು ಶಾಸನಾಭ್ಯಾಸಿಗಳಿಗೆ ಕುತೂಹಲಕರವಾದುವು. ಮೃತನ ಪರಿಹಾರವನ್ನು ಮಾಲಿಕನು ನೇರವಾಗಿ ಮನೆಯವರ ಕೈಗೆ ಕೊಡದೆ ಕಮಿಷನರನ ಬಳಿ ಇಡಬೇಕು; ಸ್ತ್ರೀಯರಿಗೂ ಅಪ್ರಾಪ್ತರಿಗೂ ಸಲ್ಲತಕ್ಕ ಹಣವನ್ನು ಅವರ ಹಿತಕ್ಕಾಗಿ ಕಮಿಷನರನು ಬಡ್ಡಿಗೆ ತೊಡಗಿಸಬಹುದು. ಎರಡನೆಯದಾಗಿ, ಆ ಹಣವನ್ನು ಸಾಲಗಾರರು ಜಪ್ತಿ ಮಾಡುವಂತಿಲ್ಲ, ಪಡೆದವರು ಪರರಿಗೆ ಒಪ್ಪಿಸುವಂತಿಲ್ಲ. ಖೇಟಗ್ರಾಮದ ಭೂಮಿಯನ್ನು ಪಂಚಮಹಾಪಾತಕದ ಶಾಪವು ಕಾದಂತೆ ಈ ಹಣವನ್ನು ವಿಧಿಯು ಕಾಯುತ್ತಿದ್ದಿತು. ಭೂಮಿಯ ಗುಣವು ವರುಷವರುಷವೂ ಉಣಿಸುವುದು. ಹಣದ ಗುಣವು ಒಮ್ಮೆಗೇ ಕರಗುವುದು. ಹಣಕ್ಕೆ ಭೂಮಿಯ ಗುಣವನ್ನು ಕೊಡುವ ಪ್ರಯತ್ನವೇ ಈ ವಿಧಿ. ಸರ್ವೋಚ್ಚ ನ್ಯಾಯಾಲಯವು ಸೂಸಮ್ಮ ಥಾಮಸ್ ವ್ಯಾಜ್ಯದಲ್ಲಿ ಮೋಟಾರು ಅಪಘಾತದ ಪರಿಹಾರವನ್ನೂ ಠೇವಣಿಯಲ್ಲಿಡುವ ಬಗೆಗೆ ಮಾರ್ಗಸೂಚಿಗಳನ್ನು ಕೊಟ್ಟುದು ಇದೇ ಉದ್ದೇಶದಿಂದ.

ದಾರಿಯ ಅಪಘಾತಗಳ ವಿಷಯವನ್ನು ೧೯೩೯ರ ಮೋಟಾರು ವಾಹನ ಶಾಸನವೂ, ಪ್ರತ್ಯೇಕ ನ್ಯಾಯಮಂಡಲಿಗಳನ್ನು ಏರ್ಪಡಿಸಿದ ೧೯೫೬ರ ತಿದ್ದುಪಡಿಯೂ, ೧೯೮೮ರ ಹೊಸ ಶಾಸನವೂ ಕ್ರಮವಾಗಿ ಬೆಳೆಯಿಸಿದುವು. ೧೯೮೨ರಲ್ಲಿ, ಯಾರ ತಪ್ಪನ್ನೂ ಸಾಧಿಸದೆ ಮರಣಕ್ಕೆ ೧೫,೦೦೦ ರೂಪಾಯಿಗಳನ್ನು ಪಡೆಯುವ ಹಕ್ಕು ಮೊದಲು ಬಂದಿತು. ೨೦೧೯ರ ತಿದ್ದುಪಡಿಯು ಇಂಥ ಮೊತ್ತವನ್ನು ಮರಣಕ್ಕೆ ಐದು ಲಕ್ಷವೆಂದೂ ತೀವ್ರ ಗಾಯಕ್ಕೆ ಎರಡೂವರೆ ಲಕ್ಷವೆಂದೂ ನಿಗದಿಮಾಡಿತು. ಹೆಚ್ಚಿನದನ್ನು ಬೇಡುವವರಿಗೆ ಲೆಕ್ಕದ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು ೨೦೦೯ರ ಸರಳಾ ವರ್ಮಾ ತೀರ್ಪಿನಲ್ಲಿ ಖಚಿತಗೊಳಿಸಿತು. ಮೃತನ ವರಮಾನದಲ್ಲಿ ಅವನ ಸ್ವಂತ ವೆಚ್ಚವನ್ನು ಕಳೆದು, ಉಳಿದುದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಅವಲಂಬಿತರು ಎರಡು ಮೂರು ಮಂದಿಯಾದರೆ ಮೂರರಲ್ಲೊಂದು ಪಾಲನ್ನೂ, ನಾಲ್ಕರಿಂದ ಆರು ಮಂದಿಯಾದರೆ ನಾಲ್ಕರಲ್ಲೊಂದನ್ನೂ ಕಳೆಯಬೇಕು; ಮದುವೆಯಾಗದ ಮಗನು ಸತ್ತರೆ ಸಾಮಾನ್ಯವಾಗಿ ಅರ್ಧವನ್ನು ಕಳೆಯಬೇಕು. ೨೦೧೭ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಐವರು ನ್ಯಾಯಾಧೀಶರ ಪೀಠವು ಭವಿಷ್ಯದ ವರಮಾನದ ಏರಿಕೆಯನ್ನೂ ಅಂತ್ಯಕ್ರಿಯೆ ಮೊದಲಾದ ವೆಚ್ಚಗಳನ್ನೂ ಇದಕ್ಕೆ ಕೂಡಿಸುವ ಬಗೆಯನ್ನು ಹೇಳಿತು.

೬. ಉಪಸಂಹಾರ

ಹೀಗೆ ಹದಿನೈದು ಶತಮಾನಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕೆಲವು ನಿರ್ಣಯಗಳಿಗೆ ಅವಕಾಶವಾಗುತ್ತದೆ.

ಮೊದಲನೆಯದಾಗಿ, ಮೃತರ ಕುಟುಂಬವನ್ನು ಪೋಷಿಸುವ ಹೊಣೆಯು ಕನ್ನಡನಾಡಿಗೆ ಹೊರಗಿನಿಂದ ಬಂದ ಹೊಸ ವಿಚಾರವಲ್ಲ. ಹಲಸಿಯ ಪಟ, ಬೇಗೂರಿನ ಕಲ್ಲು, ನೆತ್ತರುಗೊಡಗೆಯ ಶಾಸನಗಳು ಇವೆಲ್ಲ ಅದನ್ನು ಸಾರುತ್ತವೆ. ಹೊಸದಾಗಿ ಬಂದುದು ಬೇಡುವ ಹಕ್ಕು. ದಾಮಕೀರ್ತಿಯ ತಾಯಿಗೆ ಮೃಗೇಶವರ್ಮನು ಕೊಡದೆ ಹೋಗಿದ್ದರೆ ಆಕೆಯು ದೂರು ಒಯ್ಯಲು ಯಾವ ಸ್ಥಾನವೂ ಇರಲಿಲ್ಲ.

ಎರಡನೆಯದಾಗಿ, ಹಳೆಯ ಪದ್ಧತಿಯು ಕಾದಿ ಸತ್ತವನನ್ನು ಮಾತ್ರ ಕಂಡಿತು. ಗಾಡಿಯ ಕೆಳಗೆ ಬಿದ್ದು ಸತ್ತವನಿಗೆ ಕಲ್ಲೂ ಇಲ್ಲ, ಕೊಡಗೆಯೂ ಇಲ್ಲ. ಸಾವು ವೀರಮರಣವಾಗದಿದ್ದರೂ ಉಳಿದವರ ಹಸಿವು ಒಂದೇ ಎಂಬುದನ್ನು ಒಪ್ಪಿದುದು ೧೮೫೫ರ ಶಾಸನ.

ಮೂರನೆಯದಾಗಿ, ಪ್ರಾಣಕ್ಕೆ ಬೆಲೆ ಕಟ್ಟುವ ತೊಡಕು ಇನ್ನೂ ಬಿಡಿಸಿಲ್ಲ. ಆಪಸ್ತಂಬನು ಹುಟ್ಟನ್ನು ನೋಡಿ ಸಾವಿರ, ನೂರು, ಹತ್ತು ಎಂದನು. ಇಂದಿನ ಲೆಕ್ಕವು ವರಮಾನವನ್ನು ನೋಡುತ್ತದೆ. ಅವಲಂಬಿತರ ನಷ್ಟವನ್ನು ತುಂಬಿಕೊಡುವುದೇ ಗುರಿಯಾದಲ್ಲಿ ವರಮಾನವನ್ನು ನೋಡದೆ ಇರಲಾಗದು. ಆದರೆ ಅದರಿಂದ ಬಡವನ ಮನೆಗೆ ಸಲ್ಲುವುದು ಕಡಮೆಯಾಗುತ್ತದೆಂಬುದೂ ಅಷ್ಟೇ ನಿಜ. ಮನೆಯಲ್ಲಿ ದುಡಿಯುವ ಗೃಹಿಣಿಗೆ ವರಮಾನವಿಲ್ಲವೆಂಬ ಲೆಕ್ಕವನ್ನು ಸರ್ವೋಚ್ಚ ನ್ಯಾಯಾಲಯವು ೨೦೦೧ರ ಲತಾ ವಾಧ್ವಾ ವ್ಯಾಜ್ಯದಲ್ಲಿ ತಿದ್ದಿ ಆಕೆಯ ಸೇವೆಗೆ ತಿಂಗಳಿಗೆ ೩,೦೦೦ ರೂಪಾಯಿಗಳ ಬೆಲೆಯನ್ನು ಹಿಡಿಯಿತು. ತಪ್ಪನ್ನು ನೋಡದೆ ಎಲ್ಲರಿಗೂ ಸಮನಾಗಿ ಕೊಡುವ ನಿಗದಿಯಾದ ಮೊತ್ತವು ಈ ತೊಡಕಿಗೆ ಕಂಡುಕೊಂಡ ಇನ್ನೊಂದು ಉತ್ತರ.

ಕನ್ನಡದಲ್ಲಿ 'ಶಾಸನ'ವೆಂಬ ಒಂದೇ ಶಬ್ದವು ತಾಮ್ರದ ಮೇಲೆ ಕೆತ್ತಿದ ದತ್ತಿಗೂ ಸಭೆಯು ಮಾಡಿದ ಕಟ್ಟಳೆಗೂ ಸಲ್ಲುತ್ತದೆ. ಹಲಸಿಯ ಪಟಗಳನ್ನು ವಂಶಾವಳಿಗಾಗಿ ಓದಿದ ವಿದ್ವಾಂಸರು ಅವುಗಳನ್ನು ಎರಡನೆಯ ಅರ್ಥದಲ್ಲಿಯೂ ಓದಬಹುದು. ಅರಸರ ಹೆಸರುಗಳ ನಡುವೆ, ತನ್ನ ಹೆಸರನ್ನು ಕೂಡ ಬಿಟ್ಟುಹೋಗದೆ ಮಗನ ಹೆಸರಿನಿಂದಲೇ ಗುರುತಿಸಲ್ಪಟ್ಟ ಆ ತಾಯಿಯು ಖೇಟಗ್ರಾಮದ ಭೂಮಿಯನ್ನು ಪಡೆದ ಸಾಲು, ಈ ನಾಡಿನ ಪರಿಹಾರನ್ಯಾಯದ ಚರಿತ್ರೆಯಲ್ಲಿ ಮೊದಲ ದಾಖಲೆಗಳೊಡನೆ ಎಣಿಸತಕ್ಕುದಾಗಿದೆ.